ತಂಡದ ಸೇವಾ ಪ್ರಶಸ್ತಿ: ಎಲೆಮರೆಯ ಕಾಯಿಯನ್ನು ಹುಡುಕುವ ಕ್ರಮ

ನಮ್ಮ ಕ್ಲಬ್ಬು ಮೊದಲ ಸಲ ಸೇವಾ ಪ್ರಶಸ್ತಿ ಕೊಟ್ಟಾಗ ಕೊಡಬಾರದವರಿಗೇನೂ ಕೊಡಲಿಲ್ಲ. ಕೊಡಬೇಕಾದವರಿಗೆ ಕೊಡಲಿಲ್ಲ, ಅಷ್ಟೆ. ಗೆದ್ದ ಹುಡುಗ ವರ್ಷಕ್ಕೊಮ್ಮೆ ಬಟ್ಟೆಬರೆ ಹಂಚಿ, ಫೋಟೊ ತೆಗೆಸಿ ಗ್ರೂಪಿಗೆ ಹಾಕುತ್ತಿದ್ದ. ಒಳ್ಳೆಯ ಕೆಲಸವೇ. ಆದರೆ ನಾವು ಮೆಚ್ಚಿದ್ದು ಫೋಟೊಗಳನ್ನು. ಸಮಾರಂಭ ಮುಗಿದ ಮೇಲೆ ನಮ್ಮ ಸ್ಕೋರರ್, ಅಂದರೆ ಪಂದ್ಯದ ಲೆಕ್ಕ ಬರೆಯುವವರು, ಎಂದಿನಂತೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅವರು ನಾಲ್ಕು ವರ್ಷದಿಂದ ವಾರಕ್ಕೆರಡು ಸಂಜೆ ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠ ಓದಿ ರೆಕಾರ್ಡ್ ಮಾಡಿಕೊಡುತ್ತಾರೆ, ಪರೀಕ್ಷೆ ಬಂದರೆ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಬರೆಯುತ್ತಾರೆ ಎಂಬುದು ನಮಗೆ ಗೊತ್ತಾದದ್ದು ಮರುವಾರ, ಅದೂ ಬೇರೆ ಯಾರದೋ ಬಾಯಿಂದ.

ಅಂದಿನಿಂದ ಈ ಪ್ರಶಸ್ತಿಯ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಬೇರೆ ತಂಡದವರು ಆಗಾಗ ಕೇಳುತ್ತಾರೆ, ನಾವೂ ಒಂದು ಶುರು ಮಾಡಬೇಕು, ಹೇಗೆ ಅಂತ. ಗೋಲು ಹೊಡೆದವನಿಗೆ ಪ್ರಶಸ್ತಿ ಕೊಡುವುದು ಸುಲಭ, ಲೆಕ್ಕ ಬೋರ್ಡಿನ ಮೇಲೇ ಇರುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಬದುಕುವವರಿಗೆ ಪ್ರಶಸ್ತಿ ಕೊಡಬೇಕಾದರೆ ನಾವೇ ಅವರನ್ನು ಹುಡುಕಿಕೊಂಡು ಹೋಗಬೇಕು. ಅವರಾಗಿ ಅರ್ಜಿ ಹಾಕುವುದಿಲ್ಲ. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ತೊಡಕಿನಿಂದಲೇ ಹುಟ್ಟಿದವು.

ಹಂತ 1: ಒಂದೇ ಪುಟದ ನಿಯಮ

ಟ್ರೋಫಿ ಆರಿಸುವ ಮುಂಚೆ ನಿಯಮ ಬರೆಯಿರಿ. ಒಂದು ಪುಟ ಮೀರಬಾರದು. ಸೇವೆ ಎಂದರೆ ನಿಮ್ಮ ತಂಡದ ಮಟ್ಟಿಗೆ ಏನು ಎಂಬುದಕ್ಕೆ ಅದರಲ್ಲಿ ನೇರ ಉತ್ತರ ಇರಬೇಕು. ನಾವು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇವೆ. ಆ ಕೆಲಸದ ಫಲ ತಂಡದ ಹೊರಗಿನವರಿಗೆ ಮುಟ್ಟಿತೇ? ಅದು ಅವರ ಸಂಬಳದ ಕೆಲಸವೋ ಪ್ರಾಯೋಜಕರ ಜತೆಗಿನ ಒಪ್ಪಂದದ ಭಾಗವೋ ಆಗಿತ್ತೇ? ಯಾರೂ ನೋಡದ ದಿನವೂ ನಡೆಯಿತೇ? ಎರಡನೆಯ ಪ್ರಶ್ನೆಯಲ್ಲಿ ಬಹಳ ಜನ ಉದುರುತ್ತಾರೆ. ತಂಡದ ಜಾಹೀರಾತು ವಿಭಾಗ ಏರ್ಪಡಿಸಿದ ಆಸ್ಪತ್ರೆ ಭೇಟಿಗೆ ಹೋಗಿ ಬಂದದ್ದು ಕರ್ತವ್ಯ. ಅಲ್ಲಿ ಕಂಡ ಮಗುವನ್ನು ಮುಂದಿನ ತಿಂಗಳು ಕ್ಯಾಮೆರಾ ಇಲ್ಲದೆ ಮತ್ತೆ ನೋಡಲು ಹೋದರೆ, ಆಗ ಹೆಸರು ಬರೆದುಕೊಳ್ಳಿ.

ಹಣ ಕೊಟ್ಟವರನ್ನು ಏನು ಮಾಡುವುದು ಎಂಬ ಜಗಳ ಖಂಡಿತ ಬರುತ್ತದೆ. ನನ್ನ ಅಭಿಪ್ರಾಯ ಇಷ್ಟು: ದಾನಕ್ಕೆ ಪ್ರತ್ಯೇಕವಾಗಿ ಕೃತಜ್ಞತೆ ಹೇಳಿ, ಈ ಪ್ರಶಸ್ತಿಯನ್ನು ಸಮಯ ಕೊಟ್ಟವರಿಗೆ ಉಳಿಸಿ. ತಾರಾ ಆಟಗಾರನ ಚೆಕ್ಕನ್ನೂ ಮೀಸಲು ಆಟಗಾರನ ಐವತ್ತು ಶನಿವಾರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೋದರೆ ಪ್ರತಿ ಸಲವೂ ಚೆಕ್ಕೇ ಗೆಲ್ಲುತ್ತದೆ.

ಯಾರು ಅರ್ಹರು ಎಂಬ ಸಾಲನ್ನು ಅಗಲವಾಗಿ ಬರೆಯಿರಿ. ಪ್ರತಿ ತಂಡದಲ್ಲೂ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವಂಥವರು ಇರುತ್ತಾರೆ: ಮೈದಾನ ನೋಡಿಕೊಳ್ಳುವವರು, ಕಿಟ್ ಹೊರುವವರು, ಫಿಸಿಯೊ, ಬಸ್ ಚಾಲಕರು, ಸ್ಕೋರರ್. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ 1974-75ರ ಋತುವಿನಿಂದ ಸಮಾಜಸೇವೆಗಾಗಿ ಕೊಡುತ್ತಿರುವ ಜೆ. ವಾಲ್ಟರ್ ಕೆನಡಿ ಪೌರ ಪ್ರಶಸ್ತಿಯನ್ನು ಹೆಚ್ಚಾಗಿ ಆಟಗಾರರೇ ಪಡೆದಿದ್ದಾರೆ. ಆದರೂ 1984ರಲ್ಲಿ ಅದು ಯೂಟಾ ಜಾಝ್ ತಂಡದ ಕೋಚ್ ಫ್ರಾಂಕ್ ಲೇಡನ್ ಅವರಿಗೂ, 1995ರಲ್ಲಿ ಅಟ್ಲಾಂಟಾ ಹಾಕ್ಸ್ ತಂಡದ ಟ್ರೇನರ್ ಜೋ ಓಟೂಲ್ ಅವರಿಗೂ ಹೋಯಿತು. ಅಷ್ಟು ದೊಡ್ಡ ಲೀಗಿನಲ್ಲೇ ಆಟಗಾರರ ಮೈಕೈ ನೋವಿಗೆ ಆರೈಕೆ ಮಾಡುವವರಿಗೆ ಜಾಗವಿದೆ ಎಂದಮೇಲೆ ನಮ್ಮ ನಿಮ್ಮ ಕ್ಲಬ್ಬಿನಲ್ಲಿ ಯಾಕಿರಬಾರದು?

ಹಂತ 2: ಹೆಸರಿಡುವ ಅವಸರ ಬೇಡ

ಈ ಬಗೆಯ ಪ್ರಶಸ್ತಿಗಳಲ್ಲಿ ಹೆಸರು ಮೈಗೊಂಡು ಕೂತದ್ದು ರಾಬರ್ಟೊ ಕ್ಲೆಮೆಂಟೆ ಪ್ರಶಸ್ತಿಯಲ್ಲಿ. ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಈ ಆಟಗಾರ ಸರಿಯಾಗಿ 3000 ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟಿದ ಲೆಕ್ಕ) ಮುಗಿಸಿದ ವರ್ಷವೇ, 1972ರ ಡಿಸೆಂಬರಿನಲ್ಲಿ, ನಿಕರಾಗುವಾದ ಮನಾಗುವಾ ನಗರ ಭೂಕಂಪಕ್ಕೆ ಸಿಕ್ಕಿತು. ಕಳಿಸಿದ ನೆರವು ಸಂತ್ರಸ್ತರ ಕೈಸೇರುತ್ತಿಲ್ಲ ಎಂಬ ಸುದ್ದಿ ಬಂದಾಗ, ತಾನು ಜತೆಗಿದ್ದರೆ ಯಾರೂ ಲಪಟಾಯಿಸಲಾರರು ಎಂದು ಆತ ತಾನೇ ವಿಮಾನ ಹತ್ತಿದ. ಡಿಸೆಂಬರ್ 31ರ ರಾತ್ರಿ ಪೋರ್ಟೊರಿಕೊದಿಂದ ಹೊರಟ ಆ ಸರಕು ವಿಮಾನ ಸಮುದ್ರಕ್ಕೆ ಬಿತ್ತು. ಆಗ ಆತನಿಗೆ 38 ವರ್ಷ. ದೇಹ ಸಿಗಲೇ ಇಲ್ಲ. 1971ರಲ್ಲೇ ಬೇರೆ ಹೆಸರಿನಲ್ಲಿ ಶುರುವಾಗಿದ್ದ ಲೀಗಿನ ಪ್ರಶಸ್ತಿಗೆ 1973ರಲ್ಲಿ ಆತನ ಹೆಸರಿಟ್ಟರು. ಅಮೆರಿಕನ್ ಫುಟ್‌ಬಾಲ್‌ನ ಕಥೆಯೂ ಹೆಚ್ಚುಕಡಿಮೆ ಹೀಗೇ. 1970ರಿಂದ ಇದ್ದ ಪ್ರಶಸ್ತಿಗೆ ಆಟಗಾರ ವಾಲ್ಟರ್ ಪೇಟನ್ ಹೆಸರು ಬಂದದ್ದು 1999ರಲ್ಲಿ, ಆತ ತೀರಿಕೊಂಡ ಮೇಲೆ. 1977ರಲ್ಲಿ ಸ್ವತಃ ಅದನ್ನು ಗೆದ್ದಿದ್ದವನು ಆತ.

ಎರಡರಲ್ಲೂ ಪ್ರಶಸ್ತಿ ಮೊದಲು, ಹೆಸರು ಆಮೇಲೆ. ಬದುಕಿರುವ ದೊಡ್ಡವರ ಹೆಸರಿಟ್ಟು ಮೆಚ್ಚಿಸಲು ಹೋದರೆ ಏನಾಗಬಹುದು ಎಂಬುದಕ್ಕೂ ಉದಾಹರಣೆ ಇದೆ. ಅಮೆರಿಕದ ಬಿಗ್ ಟೆನ್ ಕಾಲೇಜು ಫುಟ್‌ಬಾಲ್ ಕೂಟ ತನ್ನ ಹೊಸ ಚಾಂಪಿಯನ್‌ಶಿಪ್ ಟ್ರೋಫಿಗೆ ಕೋಚ್ ಜೋ ಪಟರ್ನೊ ಹೆಸರನ್ನೂ ಸೇರಿಸಿತ್ತು. 2011ರ ನವೆಂಬರಿನಲ್ಲಿ, ಆತನ ಸಹಾಯಕನಾಗಿದ್ದವನ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬಿದ್ದಾಗ, ಆ ಟ್ರೋಫಿಯನ್ನು ಒಂದು ಸಲವೂ ಕೊಡುವ ಮುಂಚೆಯೇ ಹೆಸರು ತೆಗೆಯಬೇಕಾಯಿತು. ‘ತಂಡದ ಸೇವಾ ಪ್ರಶಸ್ತಿ’ ಎಂದಿಟ್ಟು ನಾಲ್ಕೈದು ವರ್ಷ ನಡೆಸಿ. ಹೆಸರು ತಾನಾಗಿ ಬರುತ್ತದೆ. ಬಂದಾಗ ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಹಂತ 3: ಹೆಸರು ಸೂಚಿಸುವುದು ಬೇರೆಯವರ ಕೆಲಸ

ತನ್ನ ಹೆಸರನ್ನು ತಾನೇ ಸೂಚಿಸುವಂತಿಲ್ಲ. ಈ ನಿಯಮವನ್ನು ಯಾರಿಗಾಗಿಯೂ ಸಡಿಲಿಸಬೇಡಿ.

ಇದು ಬರೀ ಮರ್ಯಾದೆಯ ಮಾತಲ್ಲ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಶಿಶುವಿಹಾರದಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬರೆದರೆ ರಿಬ್ಬನ್ನು, ಚಿನ್ನದ ಬಣ್ಣದ ಮುದ್ರೆ ಇರುವ ‘ಗುಡ್ ಪ್ಲೇಯರ್’ ಪ್ರಶಸ್ತಿ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲ ದಿನ ಬಿಟ್ಟು ನೋಡಿದರೆ, ಮೊದಲೇ ಆಸೆ ಹುಟ್ಟಿಸಿಕೊಂಡ ಮಕ್ಕಳು ಚಿತ್ರ ಬರೆಯುವುದಕ್ಕೆ ಕೊಟ್ಟ ಸಮಯ ಉಳಿದವರದರ ಸುಮಾರು ಅರ್ಧದಷ್ಟಿತ್ತು. ಹೇಳದೆ ಪಡೆದವರ ಉತ್ಸಾಹ ಕುಂದಿರಲಿಲ್ಲ. ದೊಡ್ಡವರ ಸೇವೆಗೂ ಮಕ್ಕಳ ಚಿತ್ರಕ್ಕೂ ಪೂರ್ತಿ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಆದರೂ ನಾನು ಇದರಿಂದ ಕಲಿತದ್ದು: ‘ಈ ವರ್ಷ ಹೆಚ್ಚು ಸೇವೆ ಮಾಡಿದವರಿಗೆ ಪ್ರಶಸ್ತಿ’ ಎಂದು ಋತುವಿನ ಆರಂಭದಲ್ಲಿ ಡಂಗುರ ಹೊಡೆಯಬಾರದು. ಪ್ರಶಸ್ತಿ ಇದೆ ಎಂಬುದು ಎಲ್ಲರಿಗೂ ಗೊತ್ತಿರಲಿ, ಅದು ಸ್ಪರ್ಧೆಯಾಗದಿರಲಿ. ಅಂಕಪಟ್ಟಿ, ತಿಂಗಳ ‘ಸೇವಾ ತಾರೆ’, ಗಂಟೆ ಲೆಕ್ಕ ಯಾವುದೂ ಬೇಡ.

ನಾಮನಿರ್ದೇಶನದ ಚೀಟಿ ಅಂಗೈಯಗಲ ಇದ್ದರೆ ಸಾಕು. ನಮ್ಮ ಚೀಟಿಯಲ್ಲಿರುವುದು ನಾಲ್ಕೇ ಸಾಲು:

ಯಾರು?
ಏನು ಮಾಡುತ್ತಾರೆ, ಎಷ್ಟು ಕಾಲದಿಂದ?
ನಿಮ್ಮ ಕಣ್ಣಾರೆ ಕಂಡ ಒಂದು ದಿನದ ಬಗ್ಗೆ ಬರೆಯಿರಿ.
ಇದನ್ನು ಯಾರನ್ನು ಕೇಳಿ ಖಚಿತಪಡಿಸಿಕೊಳ್ಳಬಹುದು?

ಮೂರನೆಯ ಸಾಲೇ ಜೀವ. ‘ಅವರು ದೀನದಲಿತರ ಆಶಾಕಿರಣ’ ಎಂದು ಯಾರು ಬೇಕಾದರೂ ಬರೆಯಬಹುದು. ಒಂದು ದಿನವನ್ನು ಬರೆಯಿರಿ ಎಂದಾಗ ಸುಳ್ಳಿನ ಕೈ ಕಟ್ಟಿಹೋಗುತ್ತದೆ. ಒಂದು ವರ್ಷ ನಮಗೆ ಬಂದ ಚೀಟಿಯೊಂದು ಪೆನ್ಸಿಲಿನಲ್ಲಿತ್ತು. ನಮ್ಮ ಎರಡನೇ ಗೋಲ್‌ಕೀಪರ್ ಪುಕ್ಕಟೆ ಈಜು ಕಲಿಸುತ್ತಿದ್ದ ಮಕ್ಕಳ ಪೈಕಿ ಒಬ್ಬಳು ಬರೆದದ್ದು: ‘ನನಗೆ ನೀರು ಅಂದ್ರೆ ಭಯ. ಅಣ್ಣ ಮೂರು ವಾರ ನನ್ನನ್ನು ಇಳಿಸಲೇ ಇಲ್ಲ. ಮೆಟ್ಟಿಲ ಮೇಲೆ ಕಾಲು ಬಿಟ್ಟುಕೊಂಡು ನನ್ನ ಜೊತೆ ಕೂತಿದ್ದರು.’ ಅಷ್ಟೆ. ಸಮಿತಿಯಲ್ಲಿ ಅದನ್ನು ಓದಿದ ಮೇಲೆ ಟೈಪ್ ಮಾಡಿಸಿ ಫೈಲು ಹಾಕಿ ಕಳಿಸಿದ ಹದಿನಾಲ್ಕು ಪುಟದ ಇನ್ನೊಂದು ಅರ್ಜಿಯನ್ನು ತಿರುವುವುದಕ್ಕೂ ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ತಿರುವಿದೆವು ಎನ್ನಿ, ನ್ಯಾಯ ನ್ಯಾಯವೇ.

ಹಾಗಾಗಿ ಚೀಟಿಗಳನ್ನು ತಂಡದೊಳಗೇ ಹಂಚಿ ಕೂರಬೇಡಿ. ಸೇವೆ ಪಡೆದವರ ಕೈಗೆ ಮುಟ್ಟಿಸಿ: ಶಾಲೆ, ವೃದ್ಧಾಶ್ರಮ, ರಕ್ತನಿಧಿ, ಅಂಗವಿಕಲರ ಸಂಸ್ಥೆ. ಬರೆಯಲು ಬಾರದವರು ಫೋನಿನಲ್ಲಿ ಹೇಳಲಿ, ಒಬ್ಬರು ಬರೆದುಕೊಳ್ಳಲಿ. ಕನಿಷ್ಠ ಆರು ವಾರ ಸಮಯ ಕೊಡಿ. ಒಳ್ಳೆಯ ಚೀಟಿಗಳೆಲ್ಲ ಬರುವುದು ಕೊನೆಯ ವಾರದಲ್ಲಿ.

ಹಂತ 4: ಸಮಿತಿ

ಐವರು ಸಾಕು. ಅದರಲ್ಲಿ ಇಬ್ಬರಾದರೂ ತಂಡದ ಹೊರಗಿನವರಾಗಿರಲಿ, ಒಬ್ಬರು ಹಿಂದಿನ ಪುರಸ್ಕೃತರಾಗಿದ್ದರೆ ಇನ್ನೂ ಒಳ್ಳೆಯದು. ಪ್ರಾಯೋಜಕರ ಪ್ರತಿನಿಧಿ ಬೇಡ. ನಾಯಕ, ಕೋಚ್ ಬೇಡವೇ ಬೇಡ. ಅವರಿಗೆ ಮುಂದಿನ ಪಂದ್ಯಕ್ಕೆ ಯಾರನ್ನು ಸಂತೋಷವಾಗಿಡಬೇಕೆಂಬ ಚಿಂತೆ ಇರುತ್ತದೆ. ಸೂಚಿತರಾದವರು ನೆಂಟರೋ ಗೆಳೆಯರೋ ಆಗಿದ್ದರೆ ಆ ಸದಸ್ಯರು ಆ ಚರ್ಚೆಯ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು. ಕೂತು ಸುಮ್ಮನಿರುತ್ತೇನೆ ಎಂದರೆ ಸಾಲದು, ಮುಖ ನೋಡಿ ಮಣೆ ಹಾಕುವ ಚಾಳಿ ಮುಖ ಎದುರಿಗಿದ್ದಾಗಲೇ ಜಾಸ್ತಿ.

ಅಭಿಮಾನಿಗಳ ಮತದಾನ ಇಡೋಣವೇ ಎಂದು ಹುಡುಗರು ಕೇಳುತ್ತಾರೆ. ಕ್ಲೆಮೆಂಟೆ ಪ್ರಶಸ್ತಿಯಲ್ಲಿ ಲೀಗಿನ 30 ತಂಡಗಳೂ ತಲಾ ಒಂದು ಹೆಸರು ಕೊಡುತ್ತವೆ, ಅಭಿಮಾನಿಗಳೂ ಮತ ಹಾಕುತ್ತಾರೆ, ಆದರೆ ಆ ಲಕ್ಷಾಂತರ ಕ್ಲಿಕ್ಕುಗಳ ಫಲವನ್ನು ಸಮಿತಿಯಲ್ಲಿ ಒಂದೇ ಒಂದು ಮತವೆಂದು ಎಣಿಸುತ್ತಾರೆ. ಜಾಣ ಏರ್ಪಾಡು. ಪೂರ್ತಿ ಮತದಾನಕ್ಕೆ ಬಿಟ್ಟರೆ ಹೆಚ್ಚು ಫಾಲೋವರ್ಸ್ ಇರುವವರು ಗೆಲ್ಲುತ್ತಾರೆ, ಸ್ಕೋರರ್ ಮತ್ತೆ ಕುರ್ಚಿ ಪೇರಿಸುತ್ತಾರೆ.

ಹಂತ 5: ಸದ್ದಿಲ್ಲದೆ ವಿಚಾರಿಸಿ

ಹೆಚ್ಚಿನ ಕ್ಲಬ್ಬುಗಳು ಇದನ್ನು ಹಾರಿಸಿಬಿಡುತ್ತವೆ. ಸೇವೆ ಮಾಡುವವರನ್ನು ಅನುಮಾನಿಸುವುದು ಹೇಗೆ ಎಂಬ ಸಂಕೋಚ. ಸಂಕೋಚ ಬಿಡಿ. ಅಂತಿಮ ಸುತ್ತಿಗೆ ಬಂದ ಮೂರು ನಾಲ್ಕು ಹೆಸರುಗಳ ಬಗ್ಗೆ ಪ್ರತಿಯೊಂದಕ್ಕೂ ಮೂರು ಕಡೆ ವಿಚಾರಿಸಬೇಕು.

ಮೊದಲನೆಯದು ಸೇವೆ ನಡೆಯುವ ಜಾಗ. ಒಬ್ಬರು ಹೋಗಿ ನೋಡಲಿ. ಹಾಜರಿ ಪುಸ್ತಕ ಇದ್ದರೆ ತಿರುವಲಿ. ಅದರಲ್ಲಿ ಒಂದೇ ದಿನ ಒಂದೇ ಪೆನ್ನಿನಲ್ಲಿ ಹತ್ತು ಸಹಿ ಇದ್ದರೆ ಕಣ್ಣಿಗೆ ಕಾಣುತ್ತದೆ; ಬೇರೆ ಬೇರೆ ಶಾಯಿ, ಮಳೆ ಹನಿ ಬಿದ್ದು ಹರಡಿದ ಅಕ್ಷರ, ನಡುವೆ ಬಿಟ್ಟುಹೋದ ಒಂದೆರಡು ವಾರ, ಇವೆಲ್ಲ ಇದ್ದರೆ ಅದು ನಿಜವಾದ ಪುಸ್ತಕ.

ಎರಡನೆಯದು ತಂಡದ ಒಳಗೆ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಹೊರಗೆ ಅನಾಥ ಮಕ್ಕಳ ತಲೆ ನೇವರಿಸುವವನು ಡ್ರೆಸ್ಸಿಂಗ್ ರೂಮಿನಲ್ಲಿ ಕಿರಿಯರಿಂದ ಬೂಟು ಒರೆಸಿಕೊಳ್ಳುತ್ತಿದ್ದರೆ ಅದು ಕಿರಿಯರಿಗೆ ಗೊತ್ತಿರುತ್ತದೆ. ಕೇಳಬೇಕಾದದ್ದು ಅವರನ್ನು.

ಮೂರನೆಯದು ಸುರಕ್ಷತೆ ಮತ್ತು ಹಣ. ಮಕ್ಕಳ ಜತೆ, ಅಶಕ್ತರ ಜತೆ ಕೆಲಸ ಮಾಡುವವರಾದರೆ ಆ ಸಂಸ್ಥೆ ಅವರ ಹಿನ್ನೆಲೆ ಪರಿಶೀಲಿಸಿದೆಯೇ, ಅವರ ಮೇಲೆ ದೂರು ಬಂದಿದೆಯೇ ಎಂದು ಹೊಣೆ ಹೊತ್ತವರನ್ನೇ ಕೇಳಿ. ಪ್ರಶಸ್ತಿ ಎಂದರೆ ಒಂದು ಬಗೆಯ ಭರವಸೆ ಪತ್ರ. ಅದನ್ನು ತೋರಿಸಿ ನಾಳೆ ಇನ್ನೊಂದು ಬಾಗಿಲು ತೆರೆಸಿಕೊಳ್ಳಬಹುದು. ಹಣ ಸಂಗ್ರಹಿಸಿದವರಾದರೆ ಲೆಕ್ಕ ಕೇಳಿ. ನಿಜವಾಗಿ ದುಡಿದವರಿಗೆ ಲೆಕ್ಕ ಕೇಳಿದರೆ ಕೋಪ ಬರುವುದಿಲ್ಲ. 2017ರಲ್ಲಿ ಹಾರ್ವಿ ಚಂಡಮಾರುತ ಹ್ಯೂಸ್ಟನ್ ನಗರವನ್ನು ಮುಳುಗಿಸಿದಾಗ ಅಲ್ಲಿನ ಫುಟ್‌ಬಾಲ್ ಆಟಗಾರ ಜೆ.ಜೆ. ವಾಟ್ ಎರಡು ಲಕ್ಷ ಡಾಲರ್ ಗುರಿ ಇಟ್ಟುಕೊಂಡು ನಿಧಿ ಶುರು ಮಾಡಿದ, ಬಂದದ್ದು 3.7 ಕೋಟಿ ಡಾಲರಿಗೂ ಹೆಚ್ಚು. ಆ ಋತುವಿನ ವಾಲ್ಟರ್ ಪೇಟನ್ ಪ್ರಶಸ್ತಿ ಆತನಿಗೇ ಬಂತು. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಒಂದು ವರ್ಷದ ನಂತರ ಆತ ಮಾಡಿದ ಕೆಲಸ: ದುರಸ್ತಿಯಾದ ಮನೆಗಳು, ಮತ್ತೆ ತೆರೆದ ಶಿಶುಪಾಲನಾ ಕೇಂದ್ರಗಳು, ಹಂಚಿದ ಊಟ, ಹೀಗೆ ಹಣ ಎಲ್ಲಿಗೆ ಹೋಯಿತೆಂದು ಸಾರ್ವಜನಿಕವಾಗಿ ಲೆಕ್ಕ ಒಪ್ಪಿಸಿದ.

ಪ್ರಶಸ್ತಿ ಹಿಂಪಡೆಯುವ ಷರತ್ತನ್ನೂ ನಿಯಮದ ಪುಟದಲ್ಲಿ ಒಂದು ಸಾಲಿನಲ್ಲಿ ಸೇರಿಸಿ. ಬೇಕಾಗದಿರಲಿ.

ಹಂತ 6: ತೀರ್ಮಾನ

ಅಂಕ ಕೊಟ್ಟು ಕೂಡಿಸುವ ಪದ್ಧತಿಯನ್ನು ನಾವು ಒಂದು ವರ್ಷ ಮಾಡಿ ನೋಡಿ ಕೈಬಿಟ್ಟೆವು. ಫಲಾನುಭವಿಗಳ ಸಂಖ್ಯೆಗೆ ಅಂಕ ಎಂದು ಇಟ್ಟಿದ್ದೆವು. ಒಂದು ದಿನ ನೂರು ಜನಕ್ಕೆ ನೀರಿನ ಬಾಟಲಿ ಕೊಟ್ಟವರು, ಒಬ್ಬನೇ ಒಬ್ಬ ಕುಡಿತದ ದಾಸನನ್ನು ಎರಡು ವರ್ಷ ಹಿಡಿದು ನಿಲ್ಲಿಸಿದವರಿಗಿಂತ ನೂರು ಪಟ್ಟು ಮುಂದೆ ಬಂದರು! ಈಗ ಎಲ್ಲರೂ ಎಲ್ಲ ಚೀಟಿಗಳನ್ನೂ ಮನೆಯಲ್ಲಿ ಓದಿ ಬರುತ್ತಾರೆ, ಪ್ರತಿಯೊಬ್ಬರೂ ತಾವು ಒಪ್ಪಿದ ಹೆಸರಿಗೆ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳುತ್ತಾರೆ, ಆಮೇಲೆ ಮಾತು.

ಇಬ್ಬರಿಗೆ ಹಂಚಬಹುದೇ? ಕೆಲಸ ಒಂದೇ ಆಗಿದ್ದರೆ ಹಂಚಿ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಐಸ್ ಹಾಕಿಯಲ್ಲಿ ನಾಯಕತ್ವಕ್ಕೂ ಸಮಾಜಸೇವೆಗೂ 1988ರಿಂದ ಕೊಡುತ್ತಿರುವ ಕಿಂಗ್ ಕ್ಲ್ಯಾನ್ಸಿ ಟ್ರೋಫಿಯನ್ನು 2018ರಲ್ಲಿ ಅವಳಿ ಸಹೋದರರಾದ ಡೇನಿಯಲ್ ಮತ್ತು ಹೆನ್ರಿಕ್ ಸೆಡೀನ್ ಜಂಟಿಯಾಗಿ ಪಡೆದರು. ಜಗಳ ತಪ್ಪಿಸಲು ಹಂಚುವುದು ಬೇರೆ ಮಾತು, ಅದು ಬೇಡ. ಯೋಗ್ಯರು ಸಿಗದ ವರ್ಷ ಕೊಡದೆಯೂ ಇರಿ. ಫಲಕದಲ್ಲಿ ಒಂದು ವರ್ಷ ಖಾಲಿ ಇದ್ದರೆ ಮುಂದಿನ ಹೆಸರಿನ ತೂಕ ಹೆಚ್ಚುತ್ತದೆ.

ಹಂತ 7: ಮೊದಲು ಅವರನ್ನು ಕೇಳಿ

ಘೋಷಣೆಗೆ ವಾರದ ಮುಂಚೆ ಅವರಿಗೆ ಫೋನ್ ಮಾಡಿ, ಸಾಧ್ಯವಾದರೆ ಹೋಗಿ ಮಾತಾಡಿ. ನಮ್ಮ ಸ್ಕೋರರ್ ಎರಡನೆಯ ವರ್ಷ ಆಯ್ಕೆಯಾದಾಗ ಮೊದಲು ಹೇಳಿದ್ದು ‘ಬೇಡಪ್ಪ’ ಅಂತ. ಆ ವಿದ್ಯಾರ್ಥಿಗಳ ಮುಂದೆ ತಾನು ದೊಡ್ಡವನಂತೆ ಕಾಣುವುದು ಅವರಿಗೆ ಇಷ್ಟವಿರಲಿಲ್ಲ. ಬಲವಂತ ಮಾಡಲಿಲ್ಲ. ಬಹುಮಾನದ ಹಣದಲ್ಲಿ ಹೊಸ ರೆಕಾರ್ಡರ್‌ಗಳು ಬರುತ್ತವೆ, ಫೋಟೊದಲ್ಲಿ ವಿದ್ಯಾರ್ಥಿಗಳನ್ನು ನಿಲ್ಲಿಸುವುದಿಲ್ಲ ಎಂದು ಹೇಳಿದ ಮೇಲೆ ಎರಡು ದಿನ ಯೋಚಿಸಿ ಒಪ್ಪಿದರು.

ಅವರಿಂದ ಕಲಿತದ್ದನ್ನೇ ನಿಯಮ ಮಾಡಿದ್ದೇವೆ. ನೆರವು ಪಡೆದವರನ್ನು, ಅದರಲ್ಲೂ ಮಕ್ಕಳನ್ನು, ರೋಗಿಗಳನ್ನು ವೇದಿಕೆಗೆ ಎಳೆಯಬಾರದು, ಹೆಸರು ಹೇಳಬಾರದು, ಫೋಟೊ ಹಾಕಬಾರದು. ಅವರೇ ಬರುತ್ತೇನೆ ಎಂದರೆ ಬೇರೆ ಮಾತು.

ಬಹುಮಾನದ ವಿಷಯವೂ ಇಲ್ಲೇ ತೀರ್ಮಾನವಾಗಲಿ. ಪೇಟನ್ ಪ್ರಶಸ್ತಿಯ ಹಣ ಹೋಗುವುದು ಗೆದ್ದವರು ಆರಿಸಿದ ಸೇವಾ ಸಂಸ್ಥೆಗೆ. ಅದೇ ಸರಿಯಾದ ದಾರಿ. ಮೊತ್ತ ಚಿಕ್ಕದಿರಲಿ, ಕೊಡುವುದಾಗಿ ಹೇಳಿದ ವಾರವೇ ಸಂದಾಯವಾಗಲಿ.

ಹಂತ 8: ಬಿನ್ನವತ್ತಳೆಯ ಭಾಷೆ

ಒಂದು ಕ್ಲಬ್ಬು ತನ್ನ ಬಿನ್ನವತ್ತಳೆ ತಿದ್ದಿಕೊಡಿ ಎಂದು ನನಗೆ ಕಳಿಸಿತ್ತು. ಶುರುವಾಗಿದ್ದು ಹೀಗೆ: ‘ಬಹುಮುಖ ಪ್ರತಿಭೆಯ, ಸರಳ ಸಜ್ಜನಿಕೆಯ ಸಾಕಾರಮೂರ್ತಿಯಾದ ತಾವು ಸಮಾಜಕ್ಕೆ ಸಲ್ಲಿಸಿದ ಅನುಪಮ ಸೇವೆಯನ್ನು ಪರಿಗಣಿಸಿ...’ ಈ ವಾಕ್ಯದಲ್ಲಿ ಹೆಸರು ಬದಲಿಸಿದರೆ ಜಗತ್ತಿನ ಯಾರಿಗೆ ಬೇಕಾದರೂ ಕೊಡಬಹುದು. ಆಯ್ಕೆ ಸಮಿತಿ ಎರಡು ತಿಂಗಳು ಪಟ್ಟ ಶ್ರಮವೆಲ್ಲ ಇಲ್ಲಿ ನೀರುಪಾಲು.

ಆ ಕ್ಲಬ್ಬಿಗೆ ಬಂದ ಚೀಟಿಗಳಲ್ಲಿದ್ದದ್ದನ್ನೇ ತೆಗೆದು ಹೀಗೆ ಬರೆದೆ: ‘ಐದು ವರ್ಷಗಳಲ್ಲಿ ಇವರು ಹದಿನೆಂಟು ಸಲ ರಕ್ತ ಕೊಟ್ಟಿದ್ದಾರೆ. ಅದರಲ್ಲಿ ನಾಲ್ಕು ಸಲ ನಡುರಾತ್ರಿ ಕರೆ ಬಂದಾಗ ಎದ್ದು ಹೋದದ್ದು. ಯಾರಿಗೆ ಕೊಟ್ಟೆ ಎಂದು ಒಮ್ಮೆಯೂ ಕೇಳಿಲ್ಲವಂತೆ.’ ಮೂರು ವಾಕ್ಯ. ಕೆಲಸ, ಕಾಲ, ಒಂದು ದೃಶ್ಯ ಇವಿಷ್ಟಿದ್ದರೆ ವಿಶೇಷಣಗಳು ಬೇಕಿಲ್ಲ. ಓದಲು ಒಂದು ನಿಮಿಷ ಮೀರಬಾರದು. ಓದುವವರು ಆ ಚೀಟಿ ಬರೆದವರೇ ಆಗಿದ್ದರೆ ಸಭೆ ತಾನಾಗಿ ಸುಮ್ಮನಾಗುತ್ತದೆ.

ಸಮಾರಂಭದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಂದ್ಯದ ವಿರಾಮದಲ್ಲಿ, ಮೈದಾನದ ನಡುವೆ, ಹತ್ತು ನಿಮಿಷ. ಹಾರ ತುರಾಯಿ, ಅಧ್ಯಕ್ಷ ಭಾಷಣ ಯಾವುದೂ ಬೇಡ. ಪುರಸ್ಕೃತರಿಗೆ ಮಾತಾಡಲು ಮೈಕ್ ಕೊಡಿ, ಮಾತಾಡಲೇಬೇಕೆಂದು ಕಾಡಬೇಡಿ.

ಹಂತ 9: ಮರುದಿನದ ಕೆಲಸ

ಆಯ್ಕೆಯಾಗದ ಚೀಟಿಗಳನ್ನು ಎಸೆಯಬೇಡಿ. ಬರೆದವರ ಒಪ್ಪಿಗೆ ಪಡೆದು, ಯಾರ ಬಗ್ಗೆ ಬರೆದಿದ್ದಾರೋ ಅವರಿಗೆ ಒಂದು ಪ್ರತಿಯನ್ನು ಲಕೋಟೆಯಲ್ಲಿಟ್ಟು ಕೊಡಿ. ಪ್ರಶಸ್ತಿ ಒಬ್ಬರಿಗೇ, ಈ ಲಕೋಟೆ ಎಲ್ಲರಿಗೂ. ಖರ್ಚು ಏನೂ ಇಲ್ಲ. ಮೂಲ ಚೀಟಿ ಫೈಲಿನಲ್ಲಿ ಇರಲಿ, ಮುಂದಿನ ವರ್ಷ ಸಮಿತಿ ಕೂರುವಾಗ ಮೊದಲು ಅದನ್ನು ತೆರೆಯಬೇಕು. ಸೇವೆ ಇನ್ನೂ ನಡೆಯುತ್ತಿದೆಯೇ ಎಂದು ವಿಚಾರಿಸಬೇಕು. ನಮ್ಮಲ್ಲಿ ಕಿಟ್ ನೋಡಿಕೊಳ್ಳುವವರ ಬಗೆಗಿನ ಒಂದು ಚೀಟಿ ಎರಡು ವರ್ಷ ಕೆಳಗೇ ಉಳಿದು ಮೂರನೆಯ ವರ್ಷ ಮೇಲೆ ಬಂತು. ಅವರಿಗೆ ಫೋನ್ ಮಾಡಿದಾಗ ಹಿಂದಿನ ಎರಡು ಲಕೋಟೆಗಳೂ ತಮ್ಮ ಕಿಟ್ ಪೆಟ್ಟಿಗೆಯ ತಳದಲ್ಲಿ, ಬ್ಯಾಂಡೇಜುಗಳ ಕೆಳಗೆ ಇವೆ ಎಂದರು.